ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಅಂದುಕೊಂಡೆ. ತೆಗೆಸಿಕೊಂಡದ್ದಾಯಿತು. ಹೊಸ ಕನ್ನಡಕ ಬರಲಿ ಅಂದೆ, ಅದೂ ಬಂತು. ಅವರೆಕಾಯಿ ಕಾಲ ಮುಗಿಯಲಿ, ಮನೆಯವರೆಲ್ಲ ಕಾಯಿ ಸುಲಿಯುತ್ತಿರುವಾಗ ನಾನೊಬ್ಬ ಪೆನ್ನು ಹಿಡಿದು ಕೂತರೆ ಚೆನ್ನಾಗಿರುವುದಿಲ್ಲ ಅಂದೆ. ಅದೂ ಮುಗಿಯಿತು. ಇನ್ನು ನೆಪ ಉಳಿದಿಲ್ಲ. ಒಬ್ಬ ಹುಡುಗನಿಗೆ ನಾನು ಅನ್ಯಾಯ ಮಾಡಿದ್ದೇನೆ. ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಎಲ್ಲರೆದುರು ಹೊಗಳಿದೆ. ತಪ್ಪಾದದ್ದೇ ಅಲ್ಲಿ. ಅವನಿಗೆ ಇವತ್ತಿನವರೆಗೂ 'ತಪ್ಪಾಯಿತಪ್ಪ' ಎಂದು ಹೇಳಿಲ್ಲ.

ಕಂಡವರ ತಟ್ಟೆ ನೋಡುವುದು ನನಗೆ ಅಂಟಿಕೊಂಡ ಚಾಳಿ. ಮೊನ್ನೆ ನಂದಿಯಲ್ಲಿ ನಮ್ಮ ಷಡ್ಡಕರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಪಂಕ್ತಿಯಲ್ಲಿ ಕೂತವನು ನನ್ನ ಎಲೆ ಬಿಟ್ಟು ಎದುರಿನವರ ಎಲೆಗಳನ್ನೇ ನೋಡುತ್ತಿದ್ದೆ. ಒಬ್ಬರು ಪಲ್ಯವನ್ನೆಲ್ಲ ಒಂದು ಮೂಲೆಗೆ ತಳ್ಳಿ ಕೋಟೆ ಕಟ್ಟಿಕೊಂಡಿದ್ದರು. ಇನ್ನೊಬ್ಬರು ಹಪ್ಪಳವನ್ನು ಮುರಿಯಲು ಮನಸ್ಸು ಬಾರದೆ ಕೊನೆಯವರೆಗೂ ಕಾಪಾಡಿಕೊಂಡು ಬಂದು, ಮಜ್ಜಿಗೆ ಬಡಿಸುವವನು ಅದರ ಮೇಲೇ ಸುರಿದಾಗ ಬಾಯಿ ಬಿಟ್ಟುಕೊಂಡು ಕೂತರು. ನನ್ನ ಹೆಂಡತಿ ಮೊಣಕೈಯಲ್ಲಿ ತಿವಿದು, "ತಲೆ ಬಗ್ಗಿಸ್ಕೊಂಡು ಊಟ ಮಾಡ್ರೀ. ಇದೇನು ನಿಮ್ಮ ಹಾಸ್ಟೆಲ್ಲಾ?" ಎಂದಳು.

ಹಾಸ್ಟೆಲ್ಲೇ ನನ್ನ ಕಣ್ಣಿಗೆ ಈ ಚಾಳಿ ಕಲಿಸಿದ್ದು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ದಾರಿಯಲ್ಲಿದ್ದ ಗಂಡುಹುಡುಗರ ವಸತಿ ಶಾಲೆಯಲ್ಲಿ ನಾನು ಬಹಳ ವರ್ಷ ಅಡುಗೆಯವನಾಗಿದ್ದೆ. ಎಂಟನೆಯ ತರಗತಿಗೆ ಬರುತ್ತಿದ್ದ ಹುಡುಗರು ಹತ್ತು ಮುಗಿಸಿ ಹೋಗುತ್ತಿದ್ದರು. ಒಟ್ಟು ನೂರ ನಲವತ್ತು ತಟ್ಟೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಗಣಿತದಲ್ಲಿ ಒಂದು ಸಲ ಮುಗ್ಗರಿಸಿ ಎರಡನೆಯ ಸಲ ದಾಟಿದವನಾದರೂ ಅಡುಗೆಮನೆಯಲ್ಲಿ ಪೇಪರ್ ಓದುವವನು ನಾನೊಬ್ಬನೇ ಎಂಬ ಜಂಬ ನನಗಿತ್ತು. ಆ ಜಂಬವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನದಕ್ಕೆಲ್ಲ ಅದೇ ಕಾರಣ.

ಸಂಜೆ ಊಟಕ್ಕೆ ರಾಗಿಮುದ್ದೆ. ಮುದ್ದೆ ನುಂಗುವುದನ್ನು ನೋಡಿದರೆ ಹುಡುಗ ಎಂಥವನೆಂದು ಗೊತ್ತಾಗುತ್ತದೆ ಎಂದು ನಾನು ನಂಬಿದ್ದೆ. ಆತುರದವನು ಬಿಸಿಗೆ ಕೈ ಸುಟ್ಟುಕೊಂಡು ಊದುತ್ತಾನೆ. ಲೆಕ್ಕಾಚಾರದವನು ಮೊದಲು ಮುದ್ದೆಯನ್ನು ನಾಲ್ಕು ಭಾಗ ಮಾಡಿ, ಸಾರನ್ನೂ ಅದಕ್ಕೆ ತಕ್ಕಂತೆ ಹಂಚಿಕೊಳ್ಳುತ್ತಾನೆ. ಮನೆ ನೆನಪಾದವನು ಅದನ್ನು ಬೆರಳಿನಿಂದ ಸುಮ್ಮನೆ ಒತ್ತುತ್ತಾ ಕೂರುತ್ತಾನೆ. ನೀವು ನಗಬಹುದು. ಆದರೆ ನಮ್ಮ ಹೆಡ್ಮಾಸ್ಟರು ನಗಲಿಲ್ಲ. ಒಂದು ವರ್ಷ ಹತ್ತನೆಯವರ ಬೀಳ್ಕೊಡುಗೆಯ ದಿನ ಅಡುಗೆಮನೆಗೆ ಬಂದು, "ನಮಗೆ ಇವರ ಮಾರ್ಕ್ಸು ಗೊತ್ತಯ್ಯಾ. ಹುಡುಗರು ಗೊತ್ತಿರೋದು ನಿನಗೆ. ಇವತ್ತು ಬಡಿಸೋ ಕೆಲಸ ನಮಗೆ ಬಿಡು. ನೀನು ಒಬ್ಬೊಬ್ಬನ ಮೇಲೆ ನಾಲ್ಕು ಮಾತು ಹೇಳು" ಎಂದರು.

ಅವತ್ತು ಮೈಕು ಹಿಡಿದು ನಾನು ಕಿರುಚಿದ್ದು ಹೊರಗೆ ನಿಂತಿದ್ದ ವ್ಯಾನಿನ ಡ್ರೈವರಿಗೂ ಕೇಳಿಸಿತಂತೆ. ಆದರೆ ಜನ ನಕ್ಕರು, ಚಪ್ಪಾಳೆ ಹೊಡೆದರು. ಅಲ್ಲಿಂದ ಅದೇ ರೂಢಿಯಾಯಿತು. ಬೀಳ್ಕೊಡುಗೆಯ ದಿನ ಹತ್ತನೆಯವರು ಕೊನೆಯ ಸಲ ಸಾಲಾಗಿ ನೆಲದ ಮೇಲೆ ಕೂರುವುದು, ಮೇಷ್ಟ್ರುಗಳು ಬಡಿಸುವುದು, ಅಪ್ಪ ಅಮ್ಮಂದಿರು ಹಿಂದೆ ಬೆಂಚಿನ ಮೇಲೆ ಕೂತು ನೋಡುವುದು. ಹೆಡ್ಮಾಸ್ಟರು ಒಬ್ಬೊಬ್ಬನ ಹೆಸರು ಕೂಗಿದಾಗ ನಾನು ಅವನ ಬಗ್ಗೆ ನಾಲ್ಕು ಮಾತು ಹೇಳುವುದು. ವರ್ಷವೆಲ್ಲ ಹುಡುಗರನ್ನು ಗಮನಿಸಿ, ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದಿಡುತ್ತಿದ್ದೆ.

ನಾನು ಹೇಳಬೇಕೆಂದಿರುವ ವರ್ಷದ ಹುಡುಗರು ಇಪ್ಪತ್ತೆಂಟು ಮಂದಿ. ಅಂಥ ಗುಂಪು ಮತ್ತೆ ಬರಲಿಲ್ಲ. ನಗರಗೆರೆ ಕಡೆಯ ನರಸಿಂಹಮೂರ್ತಿ ಎಂಬುವನಿದ್ದ. ಹಸಿವಾಗುವವರೆಗೆ ಕನ್ನಡ, ಹಸಿವಾದ ಮೇಲೆ ತೆಲುಗು. ಅವನು "ಅಣ್ಣಾ, ಇನ್ನೊಂದು ಸ್ವಲ್ಪ" ಎಂದರೆ ಅದು ಬಾಯಿಚಪಲ, "ಅನ್ನಾ, ಇಂಕೊಂಚೆಂ" ಎಂದರೆ ನಿಜವಾದ ಹಸಿವು ಎಂದು ತಿಳಿದು ಬಡಿಸುತ್ತಿದ್ದೆ. ಇದನ್ನು ಮೈಕಿನಲ್ಲಿ ಹೇಳಿದಾಗ ಹಿಂದಿನಿಂದ ಅವರಪ್ಪ, "ಇಂಟ್ಲೋನೂ ಅಂತೇ ಸಾಮಿ!" ಎಂದು ಕೂಗಿದರು. ಮನೆಯಲ್ಲೂ ಹಾಗೆಯೇ ಅಂತೆ.

ಶಿಡ್ಲಘಟ್ಟದ ಇಮ್ತಿಯಾಜನ ಮನೆಯವರು ರೇಷ್ಮೆನೂಲು ತೆಗೆಯುವವರು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಸದ್ದಿನಿಂದ ಅದರ ಗುಣ ಹೇಳುವುದನ್ನು ಹುಡುಗ ಎಳೆಯ ವಯಸ್ಸಿನಿಂದ ಕಂಡಿದ್ದ. ಅದೇ ಅಭ್ಯಾಸದಲ್ಲಿ ಕಡಲೆಕಾಯಿಯನ್ನೂ ಕಿವಿಗೆ ಹಿಡಿದು, "ಇದ್ರಲ್ಲಿ ಎರಡು, ಇದ್ರಲ್ಲಿ ಒಂದು, ಇದು ಬರೀ ಸಿಪ್ಪೆ" ಎನ್ನುತ್ತಿದ್ದ. ಸುಲಿದು ನೋಡಿದರೆ ಹಾಗೆಯೇ ಇರುತ್ತಿತ್ತು. ಮುದ್ದೆಗೆ ಬೆರಳಿಟ್ಟು, "ಅಣ್ಣಾ, ಇವತ್ತು ಎಸರಿಗೆ ನೀರು ಜಾಸ್ತಿ ಬಿದ್ದೈತೆ" ಎಂದರೆ ಬಿದ್ದಿರುತ್ತಿತ್ತು. ಇನ್ಸ್‌ಪೆಕ್ಷನ್ನಿಗೆ ಬರುವ ಅಧಿಕಾರಿಗಳಿಗೆ ಹೆದರದ ನಾನು ಆ ಹುಡುಗನ ಬೆರಳಿಗೆ ಹೆದರುತ್ತಿದ್ದೆ.

ಚಿಕ್ಕಬಳ್ಳಾಪುರದ ಗಿರೀಶನಿಗೆ ಪ್ರಶ್ನೆಗಳೇ ಊಟ. "ಅಣ್ಣಾ, ಮುದ್ದೆ ಯಾಕೆ ಗುಂಡಗೇ ಇರ್ಬೇಕು?"

"ಗುಂಡಗಿದ್ರೇನೇ ಮುದ್ದೆ ಕಣೋ."

"ಚೌಕಾಗಿದ್ರೆ ಏನಾಗುತ್ತೆ?"

ನನಗೂ ಕುತೂಹಲ ಹುಟ್ಟಿತು. ಮರುದಿನ ಅವನಿಗೆಂದೇ ಒಂದು ಚೌಕದ ಮುದ್ದೆ ಕಟ್ಟಿದೆ. ಅವನು ಅದನ್ನು ನಾಲ್ಕು ಕಡೆಯಿಂದ ನೋಡಿ, ಒಂದು ತುತ್ತು ಮುರಿದು ನುಂಗಿ, "ಮೂಲೆ ಚುಚ್ಚುತ್ತೆ ಅಣ್ಣಾ" ಎಂದು ಗಂಟಲು ಹಿಡಿದುಕೊಂಡ. ಸಾಲಿಗೆ ಸಾಲೇ ನಕ್ಕಿತು. ಮುದ್ದೆ ಯಾಕೆ ಗುಂಡಗಿರಬೇಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ.

ಇನ್ನು ಗೌರಿಬಿದನೂರಿನ ಶಿವರಾಜ. ಖೋ ಖೋ ತಂಡದ ನಾಯಕ, ಹಾಡುಗಾರ, ಪ್ರಾರ್ಥನೆಗೆ ಮುಂದೆ ನಿಲ್ಲುವವನು. ಆ ವರ್ಷ ಎಸರು ತುಳುಕಿ ನನ್ನ ಬಲಗೈ ಬೆಂದಿತ್ತು. ನೂರ ನಲವತ್ತು ಜನದ ಹಿಟ್ಟನ್ನು ಮುದ್ದೆ ಕೋಲಿನಿಂದ ತಿರುವುವುದೆಂದರೆ ಹಗ್ಗ ಜಗ್ಗಿದ ಹಾಗೆ. ಒಂದು ಕೈಯಲ್ಲಿ ಆಗುವ ಕೆಲಸವಲ್ಲ. ಶಿವರಾಜ ಹನ್ನೆರಡು ದಿನ ಸಂಜೆ ಆಟ ಬಿಟ್ಟು ಅಡುಗೆಮನೆಗೆ ಬಂದ. ಹೊರಗೆ ಅವನ ತಂಡದವರು "ಖೋ" ಎಂದು ಕೂಗುವುದು ಕೇಳುತ್ತಿತ್ತು. ಕೂಗು ಕೇಳಿದಾಗಲೆಲ್ಲ ಇವನ ಕಾಲು ತಾನೇ ತಾನಾಗಿ ಒಂದು ಹೆಜ್ಜೆ ಮುಂದೆ ಹೋಗಿ ಹಿಂದೆ ಬರುತ್ತಿತ್ತು. ಕೋಲು ಮಾತ್ರ ನಿಲ್ಲುತ್ತಿರಲಿಲ್ಲ.

ಬೀಳ್ಕೊಡುಗೆಯ ಹಿಂದಿನ ಮಧ್ಯಾಹ್ನ ಕ್ಯಾಲೆಂಡರ್ ಹಾಳೆಗಳನ್ನು ಹರಡಿಕೊಂಡು ಕೂತೆ. ಇಪ್ಪತ್ತೇಳು ಜನರ ಮಾತು ಸಿದ್ಧವಾಗಿತ್ತು. ಇಪ್ಪತ್ತೆಂಟನೆಯವನ ಹಾಳೆಯ ಮೇಲೆ ಬರೀ 'ಚಿಂತಾಮಣಿ' ಎಂದಿತ್ತು. ಆ ವರ್ಷದ ಹುಡುಗರಲ್ಲಿ ಚಿಂತಾಮಣಿ ಕಡೆಯಿಂದ ಬಂದವನು ಅವನೊಬ್ಬನೇ. ಹಾಗಾಗಿ ಹುಡುಗರು ಊರಿನ ಹೆಸರಿನಿಂದಲೇ ಕೂಗುತ್ತಿದ್ದರು, ನಾನೂ ಕೂಗುತ್ತಿದ್ದೆ. ಅದರ ಕೆಳಗೆ ಒಂದಕ್ಷರವಿಲ್ಲ. ಅವನು ಮುದ್ದೆ ಹೇಗೆ ತಿನ್ನುತ್ತಿದ್ದ? ನೆನಪಾಗಲಿಲ್ಲ. ನಗುತ್ತಿದ್ದನೇ? ಗೊತ್ತಿಲ್ಲ.

ಗಿರೀಶ ಎದುರಿಗೆ ಹೋಗುತ್ತಿದ್ದ, ಕರೆದು ಕೇಳಿದೆ. "ಚಿಂತಾಮಣಿ ಹೆಂಗೋ?"

"ಒಳ್ಳೇನು ಅಣ್ಣ."

"ಒಳ್ಳೇನು ಅಂದ್ರೆ?"

"ಯಾರ ತಂಟೆಗೂ ಹೋಗಲ್ಲ."

"ಆಮೇಲೆ?"

ಜಗತ್ತಿನಲ್ಲಿ ಎಲ್ಲದರ ಮೇಲೂ ಪ್ರಶ್ನೆಯಿದ್ದ ಆ ಹುಡುಗ ತಲೆ ಕೆರೆದುಕೊಂಡ. "ಆಮೇಲೇನಿಲ್ಲ ಅಣ್ಣ. ಪೆನ್ನು ಕೇಳಿದ್ರೆ ಕೊಡ್ತಾನೆ."

ಆ ಪೆನ್ನಿನ ಮಾತೊಂದೇ ಸಾಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಅವತ್ತು ಸಾಲದೆನಿಸಿತು. ಪೆನ್ನಿಗೆ ಯಾರು ಚಪ್ಪಾಳೆ ಹೊಡೆಯುತ್ತಾರೆ? ಅವನನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, "ನಿನ್ನ ವಿಷಯ ಏನಾದ್ರೂ ಹೇಳಪ್ಪ" ಎನ್ನಬಹುದಿತ್ತು. ಹುಡುಗರನ್ನು ಓದಬಲ್ಲೆ ಎಂದು ಹೆಸರು ಪಡೆದವನು ಹಾಗೆ ಕೇಳುವುದುಂಟೇ?

ಬಡಿಸುವವನ ಕೈಗೆ ಒಂದು ಅಭ್ಯಾಸವಿರುತ್ತದೆ. ಸಾಲಿನ ಕೊನೆಗೆ ಬರುವ ಹೊತ್ತಿಗೆ ಮುದ್ದೆ ಮುಗಿದು ಒಂದು ತಟ್ಟೆ ಖಾಲಿ ಉಳಿದರೆ, ದೊಡ್ಡ ಮುದ್ದೆ ಬಿದ್ದಿರುವ ಯಾರದೋ ತಟ್ಟೆಯಿಂದ ಅರ್ಧ ಮುರಿದು ಖಾಲಿ ತಟ್ಟೆಗೆ ಹಾಕುತ್ತಾನೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಟ್ಟೆ ಖಾಲಿ ಉಳಿಯಬಾರದು, ಅಷ್ಟೇ. ಶಿವರಾಜನ ಹಾಳೆ ತುಂಬಿ ತುಳುಕುತ್ತಿತ್ತು. ಖೋ ಖೋ ಇತ್ತು, ಹಾಡಿತ್ತು, ಪ್ರಾರ್ಥನೆಯಿತ್ತು, ಜ್ವರ ಬಂದ ಚಿಕ್ಕ ಹುಡುಗನನ್ನು ಹೊತ್ತುಕೊಂಡು ಹೋದದ್ದಿತ್ತು. ನನ್ನ ಕೈ ಅಭ್ಯಾಸದ ಕೆಲಸ ಮಾಡಿತು. ಹನ್ನೆರಡು ದಿನ ಹಿಟ್ಟು ತಿರುವಿದ್ದನ್ನು ಶಿವರಾಜನ ಹಾಳೆಯಿಂದ ತೆಗೆದು ಚಿಂತಾಮಣಿಯ ಹಾಳೆಗೆ ಹಾಕಿದೆ. ಹಾಗೆ ಹಾಕುವಾಗ ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದೇ ಅನ್ನಿಸಿತ್ತು.

ಮರುದಿನ ಅವನ ಸರದಿ ಬಂತು. ಹೆಡ್ಮಾಸ್ಟರು ಪೂರ್ತಿ ಹೆಸರು ಕೂಗಿದರು. ನಾನು ನನ್ನ ಹಾಳೆ ನೋಡುತ್ತಿದ್ದೆ, ಹೆಸರಿನ ಕಡೆ ಕಿವಿಯಿರಲಿಲ್ಲ. "ಈ ಹುಡುಗ ಮಾತಾಡೋದು ಕಡಿಮೆ. ಆದರೆ ನನ್ನ ಕೈ ಸುಟ್ಟಾಗ ಹನ್ನೆರಡು ಸಂಜೆ ಬಂದು ನಿಮ್ಮೆಲ್ಲರ ಮುದ್ದೆ ತಿರುವಿದ ಕೈ ಇವನದು. ಯಾರಿಗೂ ಹೇಳಬೇಡಿ ಅಂದಿದ್ದ, ಇವತ್ತು ಹೇಳ್ತಿದೀನಿ" ಎಂದೆ. ಆ ಕೊನೆಯ ವಾಕ್ಯ ಹಾಳೆಯಲ್ಲೂ ಇರಲಿಲ್ಲ. ಮೈಕು ಕಂಡ ಖುಷಿಯಲ್ಲಿ ಬಂದದ್ದು. ಆ ದಿನದ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಶಿವರಾಜ ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ಅವನೂ ಚಪ್ಪಾಳೆ ಹೊಡೆದ.

ಊಟ ಮುಗಿದ ಮೇಲೆ ಒಬ್ಬ ಹೆಂಗಸು ಅಡುಗೆಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಚಿಂತಾಮಣಿಯ ತಾಯಿ.

"ಸಾಮಿ, ಮನೇಲಿ ಕುಡಿದ ಲೋಟ ಎತ್ತಿಡಲ್ಲ ಇವ್ನು. ಇಲ್ಲಿ ಅಷ್ಟು ಜನಕ್ಕೆ ಹಿಟ್ಟು ತಿರುವಿದ್ನಾ? ನಮ್ಮಪ್ಪಂದೇ ಗುಣ ಬಂದೈತೆ ಬಿಡಿ." ಹಿಂದೆ ನಿಂತಿದ್ದ ಮಗನ ಕಡೆ ತಿರುಗಿ, "ಏಂ ನಾಯ್ನಾ, ಅಮ್ಮಂಗೆ ಒಂದು ಮಾತು ಹೇಳ್ಬಾರ್ದಾ?" ಎಂದು ಕಣ್ಣೊರೆಸಿಕೊಂಡರು.

ಅವರು ಹೋದರು. ಸ್ವಲ್ಪ ಹೊತ್ತಿಗೆ ಹುಡುಗ ಒಬ್ಬನೇ ವಾಪಸ್ಸು ಬಂದ. ನಾನು ಕೊಪ್ಪರಿಗೆಯೊಳಗೆ ತಲೆ ಹಾಕಿ ತಳ ಹಿಡಿದು ಅಂಟಿದ್ದ ಸೀಕು ಕೆರೆಯುತ್ತಿದ್ದೆ.

"ಅಣ್ಣಾ, ಅದು ಶಿವರಾಜ ಅಲ್ವಾ?"

"ಹೌದು ಕಣಪ್ಪ. ಈಗೇನಾಯ್ತು? ನಿಮ್ಮಮ್ಮ ಖುಷಿಯಾದ್ರಲ್ಲ."

"ನನ್ ಬಗ್ಗೆ ಏನೂ ಸಿಗಲಿಲ್ವಾ?"

"ನೀನು ಬಾಯೇ ಬಿಡಲ್ವಲ್ಲೋ. ನಾನೇನು ಮಾಡ್ಲಿ?"

ಅವನು ಅಲ್ಲೇ ನಿಂತಿದ್ದ. ಕಾಲಿನ ಹೆಬ್ಬೆರಳು ನೆಲದ ಮೇಲೆ ಚೆಲ್ಲಿದ್ದ ನೀರನ್ನು ಅತ್ತಿತ್ತ ಎಳೆಯುತ್ತಿದ್ದುದು ಕೊಪ್ಪರಿಗೆಯ ಅಂಚಿನಾಚೆ ನನಗೆ ಕಾಣುತ್ತಿತ್ತು. ತಲೆ ಎತ್ತಿ ಮುಖ ನೋಡಲಿಲ್ಲ.

"ಮೂರು ವರ್ಷ ಪಾತ್ರೆ ಪಕ್ಕದಲ್ಲೇ ಕೂತಿದ್ದೆ ಅಣ್ಣ" ಎಂದು ಹೇಳಿ ಹೋದ.

ನಿಜ. ಸಾಲಿನ ಮೊದಲ ತಟ್ಟೆ ಅವನದು. ಮೊದಲ ತಟ್ಟೆಯನ್ನು ಬಡಿಸುವವನು ನೋಡುವುದಿಲ್ಲ, ಕೈ ತಾನಾಗಿ ಹೋಗಿ ಹಾಕುತ್ತದೆ. ಕಣ್ಣು ಮುಂದೆ ದೂರದವರ ಮೇಲಿರುತ್ತದೆ, ಯಾರಿಗೆ ಸಾಲದು, ಯಾರು ಹೆಚ್ಚು ಕೇಳುತ್ತಾರೆ ಎಂದು. ಅವನು ಹೆಚ್ಚು ಕೇಳಿದವನೂ ಅಲ್ಲ, ಬೇಡವೆಂದವನೂ ಅಲ್ಲ.

ಇದಾಗಿ ಹನ್ನೆರಡು ವರ್ಷ. ನಾನು ಕೆಲಸ ಬಿಟ್ಟು ಮನೆ ಸೇರಿದೆ. ಹೋದ ಯುಗಾದಿ ಕಳೆದ ಮೇಲೆ ಒಂದು ದಿನ ಶಿವರಾಜ ಮನೆ ಹುಡುಕಿಕೊಂಡು ಬಂದ. ಈಗ ಅವನು ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು. "ಅಣ್ಣಾ, ನಮ್ಮ ಬ್ಯಾಚಿನೋರೆಲ್ಲ ಸೇರ್ತಿದೀವಿ. ನೀವು ಬಂದು ಮತ್ತೆ ನಾಲ್ಕು ಮಾತು ಹೇಳ್ಬೇಕು. ಈಗ ಎಲ್ರಿಗೂ ಹೊಟ್ಟೆ ಬಂದೈತೆ, ನಿಮಗೆ ಹೇಳೋಕೆ ಬೇಕಾದಷ್ಟು ಸಿಗುತ್ತೆ."

ನಾನು ಕಾಫಿ ಲೋಟ ಕೆಳಗಿಟ್ಟು, "ಶಿವಾ, ಮೊದಲು ನಾನು ನಿನ್ನ ಹತ್ತಿರ ಒಂದು ತಪ್ಪು ಒಪ್ಕೋಬೇಕು" ಎಂದೆ.

"ಹಿಟ್ಟು ತಿರುವಿದ್ದಾ? ಬಿಡಿ ಅಣ್ಣ, ಅವತ್ತೇ ಗೊತ್ತಾಯ್ತು. ನನಗೆ ಬೇಕಾದಷ್ಟು ಬಿದ್ದಿತ್ತಲ್ಲ." ನಕ್ಕುಬಿಟ್ಟ. ನನ್ನ ಎದೆ ಹಗುರಾಯಿತು. ಆ ಹಗುರ ಎರಡು ಗುಟುಕು ಕಾಫಿಯಷ್ಟು ಹೊತ್ತು ಇತ್ತು, ಅಷ್ಟೇ. "ಆದ್ರೆ ಚಿಂತಾಮಣಿಗೆ ಕಷ್ಟ ಆಯ್ತು" ಎಂದ.

ಬೀಳ್ಕೊಡುಗೆಯಾದ ಬೇಸಿಗೆಯಲ್ಲೇ ಅವರ ಮನೆಯಲ್ಲಿ ಅಕ್ಕನ ಮದುವೆ. ತಾಯಿ ನೆಂಟರಿಗೆಲ್ಲ ಮಗನ ಗುಣ ಹೇಳಿಕೊಂಡು ಬಂದಿದ್ದರು. ಚಪ್ಪರದ ದಿನ ಹಿಟ್ಟಿನ ಕೊಪ್ಪರಿಗೆಯ ಮುಂದೆ ಮಗನನ್ನು ನಿಲ್ಲಿಸಿ ಕೋಲು ಕೊಟ್ಟರು. ಅವನು ಜನ್ಮದಲ್ಲಿ ಮುದ್ದೆ ಕೋಲು ಹಿಡಿದವನಲ್ಲ. ಹಿಟ್ಟೆಲ್ಲ ಗಂಟುಗಂಟಾಯಿತು. ನೆಂಟರು ನಕ್ಕರು. "ನಾನಲ್ಲಮ್ಮಾ ಮಾಡಿದ್ದು, ಶಿವರಾಜ" ಎಂದ. ತಾಯಿ ನಂಬಲಿಲ್ಲ. "ಅಷ್ಟು ದೊಡ್ಡೋರು ಮೈಕಿನಾಗೆ ಹೇಳಿದ್ದು ಸುಳ್ಳಾ? ಕೂಲಿಯೋರ ಕೆಲಸ ಅಂತ ನಾಚ್ಕೋತೀಯಾ? ಕೆಲಸ ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳ್ತೀಯಾ?" ಎಂದು ಎಲ್ಲರೆದುರು ಬೈದರಂತೆ.

"ನಾನೇ ಅವರ ಮನೆಗೆ ಹೋಗಿ ಹೇಳ್ದೆ ಅಣ್ಣ, ತಿರುವಿದೋನು ನಾನು ಕಣಮ್ಮಾ ಅಂತ. 'ಸ್ನೇಹಿತನ್ನ ಬಿಟ್ಕೊಡಲ್ಲ ನೀನು, ಒಳ್ಳೇ ಹುಡುಗ' ಅಂತ ನನಗೇ ಹೋಳಿಗೆ ಬಡಿಸಿದ್ರು. ಅವರಿಗೆ ನಿಮ್ಮ ಮಾತೇ ಮಾತು. ಈಗಲೂ ಅಷ್ಟೇ. ಅವನು ನಮ್ಮ ಗುಂಪಿಗೆ ಬರೋದೇ ಬಿಟ್ಟ."

ನಿಜ ಹೇಳಿದ ಹುಡುಗ ಮನೆಯಲ್ಲಿ ಸುಳ್ಳನಾದ. ಸುಳ್ಳು ಹೇಳಿದ ನಾನು ದೊಡ್ಡವನಾಗಿ ಉಳಿದೆ. ಇದನ್ನು ಸರಿಮಾಡುವ ಬಾಯಿ ನನ್ನದೊಂದೇ. ನನಗೆ ಕೇಳಲು ನಾಚಿಕೆಯಾಯಿತು, ಆದರೂ ಕೇಳಿದೆ. "ಅವನ ಹೆಸರೇನಪ್ಪ?"

ಶಿವರಾಜ ಮೊದಲು ತಮಾಷೆ ಎಂದುಕೊಂಡ. ಆಮೇಲೆ ನಗು ನಿಂತಿತು. "ಅಣ್ಣಾ, ನಿಮಗೆ ಹೆಸರು ಗೊತ್ತಿಲ್ವಾ?" ಎಂದು ಕೇಳಿ, ನಿಧಾನವಾಗಿ ಹೆಸರು ಹೇಳಿದ. ಊರು, ತಾಯಿಯ ಹೆಸರು ಹೇಳಿದ. ಫೋನಿನಲ್ಲಿ ಹಳೆಯ ಗುಂಪು ಫೋಟೋ ತೆಗೆದು, ಒಂದು ಮುಖವನ್ನು ದೊಡ್ಡದು ಮಾಡಿ ತೋರಿಸಿದ. ಪೊರೆ ಕವಿದಿದ್ದ ನನ್ನ ಕಣ್ಣಿಗೂ ಮುಖ ಕಂಡಿತು. ಹದಿನಾರು ವರ್ಷದ ಹುಡುಗ, ನಾನು ಎಂದೂ ನೋಡಿರದವನು.

ಹೋಗಿ ಹೇಳಿಬಿಡೋಣ ಎಂದು ಎರಡು ಸಲ ಚಿಂತಾಮಣಿ ಬಸ್ಸು ಹತ್ತಿದೆ. ಮೊದಲ ಸಲ ಶಿಡ್ಲಘಟ್ಟ ದಾಟುವುದರೊಳಗೆ ಇಳಿದೆ. ಎರಡನೆಯ ಸಲ ಚಿಂತಾಮಣಿಯವರೆಗೂ ಹೋದೆ. ಇಳಿಯುವಾಗ ಒಬ್ಬ ಯುವಕ ತೋಳು ಹಿಡಿದು, "ನಿಧಾನ ತಾತ, ಮೆಟ್ಲು ನೋಡ್ಕೊಳ್ಳಿ" ಎಂದ. ಅವನ ಮುಖವನ್ನೇ ನೋಡುತ್ತಾ ನಿಂತೆ. ಇವನೇ ಇರಬಹುದೇ? ಪಕ್ಕದಲ್ಲಿ ಹೂವು ಅಳೆಯುತ್ತಿದ್ದವನು? ಬೈಕಿನ ಮೇಲೆ ಕೂತು ಫೋನು ನೋಡುತ್ತಿದ್ದವನು? ಆ ಬಸ್ ನಿಲ್ದಾಣದಲ್ಲಿದ್ದ ಇಪ್ಪತ್ತೆಂಟರ ಪ್ರಾಯದವರೆಲ್ಲ ಅವನೇ ಆಗಿಬಿಟ್ಟರು. ಮನೆಯ ಬಾಗಿಲಿಗೆ ಹೋಗಿ, ಎದುರಿಗೆ ಬಂದ ಅವನನ್ನೇ ಅವನ ಹೆಸರು ಹೇಳಿ "ಇದಾನಾ?" ಎಂದು ಕೇಳಿಬಿಟ್ಟರೆ? ಹೆದರಿಕೆಯಾಯಿತು. ಅದೇ ಬಸ್ಸಿಗೆ ವಾಪಸ್ಸು ಹತ್ತಿದೆ. ಕಂಡಕ್ಟರು, "ಏನ್ ತಾತ, ಈಗ್ ತಾನೇ ಇಳಿದ್ರಿ, ಊರು ಹಿಡಿಸ್ಲಿಲ್ವಾ?" ಎಂದ.

ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಓದಿದವರು ಯಾರಾದರೂ ಆ ಕಡೆಯವರಿದ್ದರೆ ಅವನ ತಾಯಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿ. ಅಮ್ಮಾ, ಅವತ್ತು ನಿಮ್ಮ ಮಗ ಹೇಳಿದ್ದೇ ನಿಜ. ಮೈಕಿನಲ್ಲಿ ಸುಳ್ಳು ಹೇಳಿದವನು ನಾನು. ಅವನು ಬಂದು ನನ್ನೆದುರು ನಿಂತು ಕೇಳಿದಾಗ ತಲೆ ಎತ್ತದವನೂ ನಾನೇ. ಅವನು ಅಂಬಾಜಿದುರ್ಗದ ಕೆಳಗಿನ ಊರಿನವನು, ನಾರಾಯಣಮ್ಮನವರ ಮಗ. ಹೆಸರು ಮುನಿರಾಜು.